ಹೊನ್ನಾಳಿ ಸೇತುವೆ ದಾಟದ ರೈಲು

ನಮ್ಮ ಭಾವನವರ ಎಡಗೈಯ ತೋರುಬೆರಳು ಮತ್ತು ನಡುಬೆರಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಕೈ ಮುಗಿದಾಗಲೂ ಆ ಎರಡರ ನಡುವೆ ಒಂದು ಸಂದು ಉಳಿದುಬಿಡುತ್ತಿತ್ತು. ಉದ್ದಕ್ಕೆ ಮಡಚಿದ ನೋಟುಗಳನ್ನು ಆ ಸಂದಿನಲ್ಲಿ ಸಿಕ್ಕಿಸಿಕೊಂಡು, ಓಡುವ ಬಸ್ಸಿನಲ್ಲಿ ಕಂಬಕ್ಕೆ ಸೊಂಟ ಕೊಟ್ಟು ನಿಂತು, ಮೂವತ್ತು ವರ್ಷ ಟಿಕೆಟ್ ಹರಿದ ಕೈ ಅದು. ಕೆಲಸ ಬಿಟ್ಟ ಮೇಲೆ ನೋಟು ಹೋಯಿತು, ಸಂದು ಉಳಿಯಿತು. ಆಮೇಲೆ ಅಲ್ಲಿ ಹಿತ್ತಾಳೆ ತಂತಿ ಇರುತ್ತಿತ್ತು, ಇಲ್ಲವೆ ಬೆಸುಗೆ ಹಾಕುವ ಸೀಸ, ಎರಡೂ ಇಲ್ಲದಿದ್ದರೆ ನನ್ನ ಹೊಸ ಪೊರಕೆಯಿಂದ ಕಿತ್ತ ಕಡ್ಡಿ.

ಭಾವನವರು ಎಂದರೆ ನಮ್ಮ ಯಜಮಾನರ ಅಣ್ಣ. ಮದುವೆಯಾಗಲಿಲ್ಲ. ನ್ಯಾಮತಿಯಲ್ಲಿ ನಮ್ಮ ಜೊತೆಗೇ ಇದ್ದರು. ಹೊನ್ನಾಳಿ, ಚನ್ನಗಿರಿ, ಜಗಳೂರು ಅಂತ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬಸ್ಸಿನ ಅನ್ನ ತಿಂದು ರೈಲಿನ ಧ್ಯಾನ ಮಾಡಿದ ಮನುಷ್ಯ. ನಮ್ಮ ಈ ನಾಲ್ಕು ಊರಲ್ಲಿ ಒಂದಕ್ಕೂ ರೈಲಿಲ್ಲ ಅನ್ನುವುದು ಅವರಿಗೆ ಯಾರೋ ಬೇಕಂತ ಮಾಡಿದ ಅವಮಾನದ ಹಾಗೆ ಕಾಣುತ್ತಿತ್ತು.

"ಬಸ್ಸು ಹೊಟ್ಟೆ ತುಂಬಿದ ಮ್ಯಾಲೆ ಹೊರಡ್ತದೆ ಕಣಮ್ಮ," ಅನ್ನುತ್ತಿದ್ದರು. "ರೈಲಿಗೆ ಟೈಮ್ ಐತೆ. ಒಬ್ಬ ಹತ್ತಲಿ, ಯಾರೂ ಹತ್ತದಿರಲಿ, ಟೈಮಿಗೆ ಹೊರಡ್ತದೆ. ಅದು ಮರ್ಯಾದಿ."

ಅವರು ಮಾಡಿದ ಪುಟ್ಟ ರೈಲು ನಮ್ಮ ಮನೆಯ ಮೂಡಣ ಕಿಟಕಿಯ ಕೋಣೆಯನ್ನು ಪೂರ್ತಿ ನುಂಗಿತ್ತು. ಮೂರು ಪ್ಲೈವುಡ್ ಹಲಗೆ, ಅವುಗಳ ಮೇಲೆ ಜಗಳೂರಿನಿಂದ ನ್ಯಾಮತಿಯವರೆಗೆ ಹಳಿ. ನಡುವೆ ಚನ್ನಗಿರಿ, ಬಸವಾಪಟ್ಟಣ, ಹೊನ್ನಾಳಿ. ಪ್ರತಿ ಊರಿಗೂ ಹಳದಿ ಬೋರ್ಡು, ಕಪ್ಪು ಅಕ್ಷರ, ಬೆರಳುದ್ದದ ಪ್ಲಾಟ್‌ಫಾರಂ. ಜಗಳೂರು ಸೀಮೆಯ ಒಣ ನೆಲಕ್ಕೆ ನನ್ನ ಧನಿಯಾ ಪುಡಿ ಅಂಟಿಸಿದ್ದರು, ಇರುವೆ ಬಂದವು. ಚನ್ನಗಿರಿಯ ಅಡಿಕೆ ಮರಗಳೆಲ್ಲ ನನ್ನ ಪೊರಕೆಯಿಂದ ಎದ್ದವು. ನಾನು ಒಂದು ವರ್ಷದಲ್ಲಿ ಎಷ್ಟು ಪೊರಕೆ ಕೊಂಡೆ ಅಂತ ಶಿವನಿಗೇ ಗೊತ್ತು. ಹೊನ್ನಾಳಿಯ ಹೊಳೆಗೆ ಮಾತ್ರ ಅವರು ತಗಡಿನ ಸೇತುವೆ ಕಟ್ಟಿದ್ದರು, ಒಳಗೆ ಟೊಳ್ಳು. ರೈಲು ಅದರ ಮೇಲೆ ಹೋಗುವಾಗ ಗಾಲಿಯ ಸದ್ದು ಬದಲಾಗಿ ಢಣಢಣ ಅನ್ನುತ್ತಿತ್ತು. ಆ ಸದ್ದಿಗೆ ಅವರು ಒಂದು ಮಳೆಗಾಲ ಪೂರ್ತಿ ತಿಣುಕಿದ್ದರು.

ರೈಲು ಹನ್ನೊಂದು ಗಂಟೆಗೆ ಜಗಳೂರು ಬಿಟ್ಟು, ಎಲ್ಲ ಸ್ಟೇಷನ್ನಿನಲ್ಲೂ ನಿಂತು, ಹನ್ನೊಂದೂ ನಾಲ್ಕಕ್ಕೆ ನ್ಯಾಮತಿ ಸೇರಬೇಕು. ಅದು ವೇಳಾಪಟ್ಟಿ. ಹೊರಡುವ ಮುಂಚೆ ಗಾರ್ಡಿನ ಸೀಟಿ ಊದುವುದು ಬಿಟ್ಟು, ಹಳೇ ಅಭ್ಯಾಸದಂತೆ ಹಲಗೆ ತಟ್ಟಿ "ರೈಟ್!" ಅನ್ನುತ್ತಿದ್ದರು. ಅಷ್ಟರ ಮಟ್ಟಿಗೆ ಅವರು ಬಸ್ಸಿನವರೇ.

ನಾನೊಮ್ಮೆ ಬಾಯಿತಪ್ಪಿ ಅದನ್ನು ಆಟದ ಸಾಮಾನು ಅಂದೆ.

"ಆಟದ ಸಾಮಾನಿಗೆ ಅಳತೆ ಇರಲ್ಲ," ಅಂದರು. "ಇದು ನಿಜವಾದ ರೈಲಿನ ಎಂಬತ್ತೇಳನೇ ಒಂದು ಪಾಲು. ಬಾಗಿಲ ಹಿಡಿನೂ ಎಂಬತ್ತೇಳನೇ ಒಂದು ಪಾಲು."

"ಹಂಗಾದ್ರೆ ನನ್ನ ಕೋಣೇನೂ ಎಂಬತ್ತೇಳನೇ ಒಂದು ಪಾಲಾದ್ರೂ ಬಿಡಿ ಭಾವಾ, ಕಸ ಗುಡಿಸ್ತೀನಿ," ಅಂದೆ. ಅವರು ನಗಲಿಲ್ಲ. ಅಳತೆಯ ವಿಷಯದಲ್ಲಿ ಅವರಿಗೆ ನಗು ಬರುತ್ತಿರಲಿಲ್ಲ.

ಈ ಮಾದರಿ ರೈಲಿನ ಮಾರ್ಕೆಟ್ಟಿನ ಬಗ್ಗೆ ಅವರ ಹತ್ತಿರ ಬಾಯಿ ತೆರೆಯಲೇಬಾರದಿತ್ತು. ತೆರೆದರೆ ಸಾರು ಉಕ್ಕಿ ಒಲೆ ಆರಿದರೂ ಮಾತು ಮುಗಿಯುತ್ತಿರಲಿಲ್ಲ. ಅಂಗಡಿಗಳೆಲ್ಲ ದೂರದ ದೊಡ್ಡ ಊರುಗಳಲ್ಲಿ. ಫೋನಿನಲ್ಲೇ ವ್ಯಾಪಾರ, ಫೋನಿನಲ್ಲೇ ಜಗಳ. ಜಗುಲಿಯ ಮೇಲೆ ಕೂತು ಕಿವಿಗೆ ಫೋನು ಒತ್ತಿಕೊಂಡು ಅವರು ಕೂಗುತ್ತಿದ್ದದ್ದು ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು. "ಏನ್ ಸ್ವಾಮೀ, ಹೋದ ವಾರನೂ ಕೊನೇ ಪೀಸ್ ಅಂದಿದ್ರಿ. ಅದರ ಹಿಂದಿನ ವಾರನೂ ಕೊನೇ ಪೀಸ್. ನಿಮ್ಮ ಅಂಗಡಿಯಾಗೆ ಮೊದಲನೇ ಪೀಸ್ ಯಾವಾಗ ಬರ್ತದೆ ಹೇಳ್ರಿ, ಆವಾಗ್ಲೇ ತಗಂತೀನಿ."

ಹೊರದೇಶದ ಎಂಜಿನ್ನು ಬೇಕಾದಷ್ಟು ಸಿಗುತ್ತದೆ, ನಮ್ಮ ದೇಶದ್ದು ಸಿಗುವುದಿಲ್ಲ ಅನ್ನುವುದು ಅವರ ಮೊದಲ ಸಂಕಟ. ಹಿಮದಲ್ಲಿ ಓಡುವ ಯಾವುದೋ ಎಂಜಿನ್ನಿಗೆ ನೀಲಿ ಬಳಿದು, ಇದೇ ನಿಮ್ಮ ಕಡೆ ರೈಲು ಅಂತ ಕಳಿಸುತ್ತಾರೆ. ಒಳಗಿನ ಹಲ್ಲಿನ ಚಕ್ರ ಒಂದು ಮುರಿದರೆ ಅದೊಂದು ಸಿಗುವುದಿಲ್ಲ, ಹೊಸ ಎಂಜಿನ್ನೇ ಕೊಳ್ಳಿ ಅನ್ನುತ್ತಾರೆ. ಆದರೆ ಅವರ ನಿಜವಾದ ಸಿಟ್ಟು ಇದ್ದದ್ದು ಅಂಗಡಿಯವರ ಮೇಲಲ್ಲ. ಎಂಜಿನ್ನು ಕೊಂಡು, ಡಬ್ಬಿ ತೆರೆಯದೆ, ಬೀರುವಿನಲ್ಲಿಟ್ಟು, ಬೆಲೆ ಏರಿದ ಮೇಲೆ ಮಾರುವವರ ಮೇಲೆ.

"ಓಡೋ ಗಾಡಿನ ಓಡಿಸ್ದಂಗೆ ಇಡೋದು ಪಾಪ ಕಣಮ್ಮ. ನೀನು ದೇವರು ದಿಂಡರು ಅಂತೀಯಲ್ಲ, ನಿಮ್ಮ ಶಾಸ್ತ್ರದಾಗೆ ಇದಕ್ಕೆ ಏನೂ ಹೇಳಿಲ್ವಾ?"

ಹೇಳಿಲ್ಲ ಭಾವಾ ಅಂದೆ. ಬಂಗಾರ ಕೊಂಡು ಬೀರುವಿನಲ್ಲಿಡುವವರನ್ನು ಕಂಡಿದ್ದೇನೆ, ರೈಲು ಕೊಂಡು ಇಡುವವರನ್ನು ಕೇಳಿದ್ದು ಅವರ ಬಾಯಿಂದಲೇ. ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ, ಆವತ್ತು ದೊರೆತ ಸಣ್ಣಪುಟ್ಟ ಪುಣ್ಯಗಳನ್ನು ನೆನೆಯುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಮಳೆಗೆ ಮುಂಚೆ ಬಟ್ಟೆ ಒಣಗಿತು, ಹೀಗೆ. ಆ ದಿನಗಳಲ್ಲಿ ಭಾವನವರ ಫೋನಿನ ಚಾರ್ಜ್ ಮುಗಿದದ್ದನ್ನೂ ಅದರಲ್ಲಿ ಸೇರಿಸುತ್ತಿದ್ದೆ.

ಪ್ರದರ್ಶನಗಳ ಬಗ್ಗೆ ಅವರಿಗಿದ್ದ ಅಭಿಪ್ರಾಯ ಇನ್ನೂ ಖಾರ. ಹೊನ್ನಾಳಿಯಲ್ಲಿ ಒಂದು ವಸ್ತುಪ್ರದರ್ಶನಕ್ಕೆ ಕರೆದಿದ್ದರು. ಇವರ ರೈಲಿಗೆ ಸಿಕ್ಕ ಜಾಗ ಚಪಾತಿ ಒತ್ತುವ ಮಷೀನಿನ ಪಕ್ಕ. ಆ ಕಡೆಯಲ್ಲಿ ಇನ್ನೊಬ್ಬರು ರೈಲು ತಂದಿದ್ದರು. ಅದು ದುಂಡಗೆ ಸುತ್ತುತ್ತಿತ್ತು, ಜನ ಅಲ್ಲೇ ಮುತ್ತಿದ್ದರು.

"ನೋಡು, ಕಣದಾಗೆ ಎತ್ತು ತಿರುಗಿದಂಗೆ," ಅಂತ ನನ್ನ ಕಿವಿಯಲ್ಲಿ ಗೊಣಗಿದರು. "ರೈಲು ಅಂದ್ರೆ ಊರಿಂದ ಊರಿಗೆ ಹೋಗ್ಬೇಕು. ತನ್ನ ಬಾಲ ತಾನೇ ಹಿಡಿಯಾಕೆ ಹೋಗೋದು ನಾಯಿ."

ಅತಿಥಿಗಳು ಬಂದು ಟೇಪು ಕತ್ತರಿಸಬೇಕಿತ್ತು. ಬರಲಿಲ್ಲ. ಹನ್ನೊಂದು ಗಂಟೆಯಾಯಿತು. ಭಾವನವರು ಗಡಿಯಾರ ನೋಡಿದರು, ಹಲಗೆ ತಟ್ಟಿದರು, "ರೈಟ್!" ಅಂದರು. ಉದ್ಘಾಟನೆಗೆ ಮುಂಚೆಯೇ ರೈಲು ಹೊರಟಿತು. ಸಂಘಟಕರು ಓಡಿ ಬಂದರು.

"ಯಜಮಾನ್ರೇ, ನಿಲ್ಲಿಸ್ರೀ! ಸಾಹೇಬ್ರು ಇನ್ನೂ ದಾರಿಯಾಗಿದಾರೆ."

"ಅವರಿಗೆ ಮುಂದಿನ ಗಾಡಿ ಐತೆ ಬಿಡ್ರಿ."

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಚಪಾತಿ ಮಷೀನು ನೋಡುವವಳ ಹಾಗೆ ತಿರುಗಿ ನಿಂತೆ. ಇಂಥವರನ್ನು ಯಾರು ಎರಡನೇ ಸಲ ಕರೆಯುತ್ತಾರೆ?

ಆವತ್ತು ಸಂಜೆ ಒಬ್ಬ ಹೆಂಗಸು ಬಂದು ಹಲಗೆಗಳ ಉದ್ದಕ್ಕೂ ನಡೆದಳು. ಜಗಳೂರು ತಾಲ್ಲೂಕಿನ ಸೊಕ್ಕೆಯವಳು, ಹೊನ್ನಾಳಿಗೆ ತಂಗಿ ಮನೆಗೆ ಬಂದಿದ್ದಳಂತೆ. ಜಗಳೂರಿನ ಬೋರ್ಡನ್ನು ದಿಟ್ಟಿಸಿ, "ಅಣ್ಣಾ, ನಮ್ಮ ಸೊಕ್ಕೆಯಾಗೆ ನಿಲ್ಸಲ್ವೇನು?" ಅಂದಳು. ಭಾವನವರು ಗಲಿಬಿಲಿಗೊಂಡರು. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ, "ಹಳಿ ಜಗಳೂರಿಗೇ ಮುಗಿದದೆ ತಾಯೀ. ಮುಂದಕ್ಕೆ ಹಾಕ್ತೀನಿ" ಅಂದರು. ಮನೆಗೆ ಬಂದವರೇ ಒಂದು ಗೇಣು ಹಲಗೆ ಸೇರಿಸಿ ಸೊಕ್ಕೆ ಅಂತ ಬೋರ್ಡು ನೆಟ್ಟರು. ಅಂದಿನಿಂದ ರೈಲು ಹನ್ನೊಂದಕ್ಕೆ ಅಲ್ಲಿಂದಲೇ ಹೊರಡಬೇಕು, ನ್ಯಾಮತಿ ಸೇರುವ ಹೊತ್ತು ಮಾತ್ರ ಮೊದಲಿನದೇ. "ಇಡೀ ಪ್ರದರ್ಶನದಾಗೆ ನೋಡಿದ್ದು ಅವಳೊಬ್ಬಳೇ," ಅಂದರು. "ಉಳಿದೋರು ಫೋಟೋ ತಗಂಡ್ರು."

ನನಗೆ ಮಾತ್ರ ಆ ಒಂದು ಗೇಣೂ ಹೊಟ್ಟೆ ಉರಿಸಿತು. ಯಾಕೆಂದರೆ ಆ ವರ್ಷ ನನ್ನ ಮಗಳು ಬಸುರಿ. ಬಾಣಂತನಕ್ಕೆ ಬರುವವಳಿಗೆ ಬೆಳಕು ಬಿಸಿಲು ಬೀಳುವ ಕೋಣೆ ಅದೊಂದೇ. ನಾನು ಅವರಿಗೆ ನೇರವಾಗಿಯೇ ಹೇಳಿದೆ. "ಭಾವಾ, ಕೂಸಿಗೆ ಎಳೆಬಿಸಿಲು ಕಾಯಿಸಬೇಕು. ರೈಲಿಗೆ ಬೇರೆ ಜಾಗ ನೋಡ್ರಿ." ಅವರು ಸೀಸದ ತಂತಿಯನ್ನು ಬೆರಳ ಸಂದಿನಿಂದ ತೆಗೆದು ಮೇಜಿನ ಮೇಲಿಟ್ಟರು, ಅಷ್ಟೇ.

ಹದಿನೈದು ದಿನದಲ್ಲಿ ಜಾಗ ಹುಡುಕಿದರು. ಚನ್ನಗಿರಿಯ ಒಂದು ಶಾಲೆಯ ಹೆಡ್‌ಮಾಸ್ಟರು ಅವರ ಬಸ್ಸಿನ ಹಳೇ ಪ್ರಯಾಣಿಕರು. ದಸರಾ ರಜೆ ಮುಗಿದ ವಾರ ಶಾಲೆಯಲ್ಲಿ ಪ್ರದರ್ಶನವಿದೆ, ತನ್ನಿ, ಚೆನ್ನಾಗಿ ಓಡಿದರೆ ಒಂದು ಕೋಣೆಯನ್ನೇ ಬಿಟ್ಟುಕೊಡುತ್ತೇವೆ, ಮಕ್ಕಳು ದಿನಾ ನೋಡಲಿ ಅಂದರಂತೆ. ಭಾವನವರು ಅದನ್ನು ನನಗೆ ಹೇಳುವಾಗ ಧ್ವನಿ ಸಣ್ಣಗಿತ್ತು. "ಮುಟ್ಟಬೇಡಿ ಅಂತ ಹಗ್ಗ ಕಟ್ಟಲ್ವಂತೆ ಕಣಮ್ಮ. ಮಕ್ಕಳ ಕೈಯಾಗೇ ಓಡಿಸ್ತಾರಂತೆ." ಆ ಸಂಜೆ ದೀಪ ಹಚ್ಚಿ ನಾನು ನೆನೆದ ಪುಣ್ಯ ದೊಡ್ಡದೇ ಇತ್ತು. ಅವರಿಗೂ ಮನೆ ಸಿಕ್ಕಿತು, ನನಗೂ ಕೋಣೆ ಸಿಕ್ಕಿತು.

ಇನ್ನು ನನ್ನ ಕೆಲಸ ಹೇಳಬೇಕು. ಆ ಸಲದ ಆಯುಧಪೂಜೆಯಲ್ಲಿ ಗಾಲಿ ಇರುವ, ತಿರುಗುವ, ಕೊಯ್ಯುವ ಎಲ್ಲಕ್ಕೂ ಪೂಜೆ ಮಾಡಿದ್ದೆ. ಬೈಕು, ಮಿಕ್ಸಿ, ಹೊಲಿಗೆ ಯಂತ್ರ, ಈಳಿಗೆಮಣೆ. ರೈಲಿನ ಹತ್ತಿರ ತಟ್ಟೆ ಹಿಡಿದು ಹೋದರೆ ಭಾವನವರು ಬಾಗಿಲಿಗೆ ಅಡ್ಡ ನಿಂತರು. "ಇದಕ್ಕೆ ಪೂಜೆ ಬ್ಯಾಡಮ್ಮ. ದೂರದಿಂದ ಕೈ ಮುಗಿ ಸಾಕು." ಮನಸ್ಸಿಗೆ ಮುಳ್ಳು ಚುಚ್ಚಿದ ಹಾಗಾಯಿತು. ನಮ್ಮ ಮನೆಯ ಅತಿ ಹೆಚ್ಚು ಗಾಲಿಗಳಿರುವ ವಸ್ತು ಅದೇ. ಅದಕ್ಕೆ ಮಾತ್ರ ಪೂಜೆ ಇಲ್ಲದೆ ಪರಸ್ಥಳಕ್ಕೆ ಹೊರಟರೆ ಏನು ಒಳ್ಳೆಯದಾದೀತು?

ಪ್ರದರ್ಶನದ ದಿನ ಬೆಳಿಗ್ಗೆ ಅವರು ಟೆಂಪೋ ಕರೆಯಲು ಹೋದರು. ಹಿಂದಿನ ದಿನ ಮೂರು ಸಲ ಓಡಿಸಿ ನೋಡಿ, ಎಲ್ಲ ಸರಿ ಇದೆ ಅಂತ ಕೈಕಾಲು ತೊಳೆದು ಮಲಗಿದ್ದರು. ನಾನು ಕೋಣೆಗೆ ಹೋದೆ. ಹಳಿ ಸ್ವಲ್ಪ ಮಂಕಾಗಿ ಕಂಡಿತು. ದೀಪದ ಕಂಬ ಒರೆಸಿದ ಮೇಲೆ ಹೊಳಪಿಗೆ ಕೊಬ್ಬರಿ ಎಣ್ಣೆ ಸವರುತ್ತೇನಲ್ಲ, ಅದೇ ಬಟ್ಟೆಯಲ್ಲಿ ಸೊಕ್ಕೆಯಿಂದ ನ್ಯಾಮತಿಯವರೆಗೂ ಹಳಿ ಸವರಿದೆ. ಚೆನ್ನಾಗಿ ಹೊಳೆಯಿತು. ಎಂಜಿನ್ನಿನ ಹಣೆಗೆ ವಿಭೂತಿ ಇಟ್ಟೆ. ಒಂದೊಂದು ಸ್ಟೇಷನ್ನಿನಲ್ಲೂ ಹಳಿಗೆ ಕುಂಕುಮ ಹಚ್ಚಿದೆ. ಗಾಲಿ ಕೆಳಗೆ ನಿಂಬೆಹಣ್ಣು ಇಡೋಣವೆಂದರೆ ಅದು ಎಂಜಿನ್ನಿನಷ್ಟೇ ಎತ್ತರ, ಪಕ್ಕದಲ್ಲಿಟ್ಟೆ. ಕರ್ಪೂರ ಬೆಳಗಿದೆ. ಟೆಂಪೋ ಸದ್ದು ಕೇಳಿದ ಕೂಡಲೇ ಬೈಸಿಕೊಳ್ಳುವ ಭಯಕ್ಕೆ ವಿಭೂತಿ, ಕುಂಕುಮವನ್ನೆಲ್ಲ ಅದೇ ಎಣ್ಣೆ ಬಟ್ಟೆಯಿಂದ ಒರೆಸಿದೆ. ನಿಂಬೆಹಣ್ಣು ಮಡಿಲಿಗೆ ಹಾಕಿಕೊಂಡೆ. ಹಳಿಯಲ್ಲಿ ಕರೆಂಟು ಹರಿಯುತ್ತದೆ, ಗಾಲಿ ಅದನ್ನು ಹಳಿಯಿಂದಲೇ ತೆಗೆದುಕೊಳ್ಳುತ್ತದೆ ಅಂತ ನನಗೆ ಯಾರು ಹೇಳಿದ್ದರು? ನಡುವೆ ಎಣ್ಣೆಯ ಪಸೆ, ಕುಂಕುಮದ ಕೆಸರು ಇದ್ದರೆ ರೈಲಿಗೆ ಜೀವವೇ ತಲುಪುವುದಿಲ್ಲ ಅಂತ ಆಮೇಲೆ ತಿಳಿಯಿತು.

ಚನ್ನಗಿರಿಯ ಶಾಲೆಯ ಸಭಾಂಗಣ ಜನರಿಂದ ತುಂಬಿತ್ತು. ಹನ್ನೊಂದಕ್ಕೆ ಸರಿಯಾಗಿ ಹಲಗೆ ತಟ್ಟಿ "ರೈಟ್!" ಅಂದರು. ಎಂಜಿನ್ನು ಸೊಕ್ಕೆಯಿಂದ ಮುಗ್ಗರಿಸುತ್ತ ಹೊರಟಿತು, ಜಗಳೂರಿನಲ್ಲಿ, ಚನ್ನಗಿರಿಯಲ್ಲಿ ನಿಂತಿತು, ಮತ್ತೆ ಹೊರಟಿತು. ಬಸವಾಪಟ್ಟಣ ದಾಟಿತು. ಹೊನ್ನಾಳಿ ಸೇತುವೆಯ ಬುಡಕ್ಕೆ ಬಂದು ನಿಂತುಬಿಟ್ಟಿತು. ಭಾವನವರು ಬೆರಳಿನಿಂದ ತಳ್ಳಿದರು. ಒಂದು ಕಿಡಿ ಹಾರಿತು, ಮತ್ತೆ ನಿಂತಿತು.

"ಅಜ್ಜಾ, ಟೀ ಕುಡಿಯಾಕೆ ನಿಂತೈತೇನು?" ಅಂತ ಹಿಂದಿನಿಂದ ಯಾರೋ ಕೂಗಿದರು.

"ಇಲ್ಲ ಬಿಡೋ, ಸೇತುವೆ ಉದ್ಘಾಟನೆ ಆಗಿಲ್ಲ!"

ಇಡೀ ಸಭೆಯೇ ನಕ್ಕಿತು. ನಮ್ಮ ಯಜಮಾನರು ಮುಂದೆ ಬಂದು, "ಏನಣ್ಣಾ, ಅಂಗಡಿಯೋರು ಮೋಸ ಮಾಡಿದ್ರಾ? ಮೋಟ್ರು ಸುಟ್ಟೋಯ್ತಾ?" ಅಂದರು. ಭಾವನವರು ಹಳಿಯನ್ನು ಬೆರಳಿಂದ ಒಮ್ಮೆ ಸವರಿದರು. ಬೆರಳನ್ನು ಮೂಗಿನ ಹತ್ತಿರ ಹಿಡಿದರು. ಆಮೇಲೆ ಕರ್ಚೀಫಿನಿಂದ ಬೆರಳು ಒರೆಸಿಕೊಂಡು ಹೆಡ್‌ಮಾಸ್ಟರ ಕಡೆ ತಿರುಗಿದರು.

"ಸಾಮಾನು ಚೆನ್ನಾಗೈತೆ ಸಾರ್. ಮಾಡಿದ ಕೈ ಸರಿ ಇಲ್ಲ. ವಯಸ್ಸಾಯ್ತು."

ಸಿಕ್ಕ ಸಿಕ್ಕ ಅಂಗಡಿಯವರನ್ನೆಲ್ಲ ಫೋನಿನಲ್ಲಿ ಹರಿದು ಹಾಕುತ್ತಿದ್ದವರು, ಆವತ್ತು ಅಂಗಡಿಯವರನ್ನು ಬೈಯಲು ತಮ್ಮನೇ ನೆಪ ಕೊಟ್ಟರೂ ಬೈಯಲಿಲ್ಲ. ಹೆಡ್‌ಮಾಸ್ಟರು ಒಳ್ಳೆಯವರು, ಮೆತ್ತಗೆ ಹೇಳಿದರು. "ಬೇಜಾರಾಗ್ಬೇಡ್ರಿ. ಮಕ್ಕಳ ಮುಂದೆ ಇಡೋ ಸಾಮಾನು ಓಡಬೇಕಲ್ಲ. ಮುಂದೆ ನೋಡೋಣ." ರೈಲು ಅದೇ ಟೆಂಪೋದಲ್ಲಿ ನನ್ನ ಕೋಣೆಗೆ ವಾಪಸು ಬಂತು.

ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ಅವರನ್ನೇ ಬೈದೆ. ಇಷ್ಟು ವರ್ಷ ಕೂತು ಮಾಡಿದ್ದು, ಒಂದು ದಿನ ಓಡಿಸಲಿಕ್ಕೆ ಆಗಲಿಲ್ಲವಲ್ಲ. ಮಗಳ ಗತಿ ಏನು? ಶಿವ ನನ್ನ ಪೂಜೆಯನ್ನೂ ನಡೆಸಿಕೊಡಲಿಲ್ಲವಲ್ಲ!

ಭಾವನವರು ಮರುದಿನವೇ ಹಲಗೆಗಳಿಗೆ ತಿರುಗಣೆ ಹಾಕಿ ಗೋಡೆಗೆ ಮಡಚುವ ಹಾಗೆ ಮಾಡಿದರು, ಬಸ್ಸಿನಲ್ಲಿ ಡ್ರೈವರ್ ಪಕ್ಕದ ಮಡಚುವ ಸೀಟಿನ ಹಾಗೆ. ಕೆಳಗೆ ಬಾಣಂತಿಯ ಮಂಚ ಹಿಡಿಯಿತು. ಬಿಸಿಲೂ ಬಂತು. ಆದರೆ ಕೂಸು ಮಲಗಿದಾಗ ರೈಲು ಬಿಡುವಂತಿಲ್ಲ, ಎದ್ದಾಗ ಹಲಗೆ ಇಳಿಸುವಂತಿಲ್ಲ. ಐದು ತಿಂಗಳು ಅವರ ರೈಲು ಗೋಡೆಗೆ ಒರಗಿಯೇ ಇತ್ತು. ಒಂದು ದಿನವೂ ಗೊಣಗಲಿಲ್ಲ. ಗೊಣಗುವ ಮನುಷ್ಯ ಗೊಣಗದಿದ್ದರೆ ಮನೆಯವರಿಗೆ ಎಷ್ಟು ಹಿಂಸೆ ಗೊತ್ತೇ? ನಾನೇ ಅಂಗಡಿಯವರ ಸುದ್ದಿ ತೆಗೆದು ಕೆಣಕಿ ನೋಡಿದೆ. "ಹೂಂ, ಹಂಗೇ ಐತೆ" ಅಂದರು, ಅಷ್ಟೇ.

ಮುಂದಿನ ಆಯುಧಪೂಜೆ ಬಂತು. ನಾನು ತಟ್ಟೆ ಹಿಡಿದು ಆ ಬಾಗಿಲಿನ ಮುಂದೆ ನಿಲ್ಲದೆ ಹಾಯ್ದು ಹೋಗುತ್ತಿದ್ದೆ. ಒಳಗಿನಿಂದ ಕರೆದರು.

"ಬಾರಮ್ಮ, ಇಲ್ಲಿಗೂ ಬಾ. ಈ ಸಲ ಕುಂಕುಮ ಹಲಗೆ ಕಾಲಿಗೆ ಹಚ್ಚು. ಹಳಿಗೆ ಬ್ಯಾಡ."

ತಟ್ಟೆಯನ್ನು ಹಲಗೆಯ ಅಂಚಿಗಿಟ್ಟೆ. "ಭಾವಾ, ನಿಮಗೆ ಗೊತ್ತಿತ್ತಾ?"

"ಕೊಬ್ಬರಿ ಎಣ್ಣೆ ವಾಸನೆ ಗೊತ್ತಾಗಲ್ವೇನಮ್ಮ? ನಮ್ಮವ್ವ ತಲೆಗೆ ಹಚ್ತಿದ್ದದ್ದು ಅದೇ."

"ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲ? ಕೈ ಸರಿ ಇಲ್ಲ ಅಂದ್ರಲ್ಲ, ಅಷ್ಟು ಜನರ ಮುಂದೆ?"

"ಅಷ್ಟು ಜನರ ಮುಂದೆ ಅಂತಾನೇ. ನನ್ನ ತಮ್ಮನ ಬಾಯಿ ನಿನಗೆ ಗೊತ್ತಿಲ್ವಾ? ಜೀವಮಾನ ಪೂರ್ತಿ ಆಡ್ಕಂತಿದ್ದ." ಆಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ನನ್ನ ಕೈಗಿಟ್ಟರು. "ಪೂಜೆ ಮಾಡ್ಲೇಬೇಕು ಅಂದ್ರೆ ಇದರಾಗೆ ಹಳಿ ಒರೆಸು. ರೈಲಿಗೆ ಇದೇ ಅಭಿಷೇಕ."

ಅಂದಿನಿಂದ ಪ್ರತಿ ಸೋಮವಾರ ಲಿಂಗಪೂಜೆ ಮುಗಿಸಿ ಆ ಹಳಿ ಒರೆಸಿದೆ. ಒಂದೇ ದಿಕ್ಕಿಗೆ ಒರೆಸಬೇಕು, ಉಗುರು ತಾಗಬಾರದು, ಸೇತುವೆಯ ಮೇಲೆ ಕೈ ಊರಬಾರದು. ಒಂದೊಂದಕ್ಕೂ ಬೈಗುಳ. ಅವರ ಗೊಣಗಾಟ ಮನೆಗೆ ಹಿಂತಿರುಗಿತ್ತು. ಆ ಪುಣ್ಯವನ್ನು ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ, ದೀಪದ ಮುಂದೆ ಮಾತ್ರ ಹೇಳಿದೆ.

ಹೋದ ಶ್ರಾವಣದಲ್ಲಿ ಭಾವನವರು ಲಿಂಗೈಕ್ಯರಾದರು. ನಾಲ್ಕು ದಿನದ ಜ್ವರ, ಐದನೇ ದಿನ ಇಲ್ಲ. ಕೈಗಳನ್ನು ಎದೆಯ ಮೇಲೆ ಜೋಡಿಸುವಾಗಲೂ ಆ ಎರಡು ಬೆರಳು ಕೂಡಲಿಲ್ಲ.

ತಿಂಗಳು ಕಳೆದ ಮೇಲೆ ಯಜಮಾನರು ಕೋಣೆಯ ಬಾಗಿಲಲ್ಲಿ ನಿಂತು, "ಚನ್ನಗಿರಿಯಾಗೆ ಅಣ್ಣನ ಕೈಯಾಗೇ ಓಡಲಿಲ್ಲ, ಇನ್ನು ಯಾರ ಕೈಯಾಗೆ ಓಡ್ತದೆ? ಗುಜರಿಯೋನನ್ನ ಕರೀತೀನಿ" ಅಂದರು. ನನಗೆ ಎಲ್ಲಿತ್ತೋ ಸಿಟ್ಟು. "ಅದು ನಿಂತಿದ್ದು ನನ್ನ ಕೈಯಿಂದ ರೀ" ಅಂದುಬಿಟ್ಟೆ. ಎಣ್ಣೆ, ಕುಂಕುಮ, ನಿಂಬೆಹಣ್ಣು, ಎಲ್ಲ ಹೇಳಿದೆ. ಅವರು ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿದರು. ಅದೂ ಒಂದು ಪುಣ್ಯ.

ಮರುದಿನ ಬಸ್ಸು ಹತ್ತಿ ಚನ್ನಗಿರಿಗೆ ಹೋದೆ. ಹೆಡ್‌ಮಾಸ್ಟರಿಗೆ ಇನ್ನೂ ವರ್ಗವಾಗಿರಲಿಲ್ಲ. ಅವರ ಮುಂದೆಯೂ ಅದನ್ನೇ ಹೇಳಿದೆ. "ಸಾರ್, ಮಾಡಿದ ಕೈ ಸರಿಯಾಗೇ ಇತ್ತು. ಪೂಜೆ ಮಾಡಿದ ಕೈ ತಪ್ಪು ಮಾಡ್ತು. ಒಂದ್ಸಲ ಬಂದು ನೋಡ್ರಿ. ಓಡಿದ್ರೆ ತಗಂಡು ಹೋಗ್ರಿ, ಓಡದಿದ್ರೆ ನಾನು ಮತ್ತೆ ನಿಮ್ಮ ಬಾಗಿಲಿಗೆ ಬರಲ್ಲ." ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ಹೇಳಾಕೆ ಬಸ್ಸಿನಾಗೆ ಬಂದ್ರಾ ತಾಯೀ? ಭಾನುವಾರ ಬರ್ತೀನಿ" ಅಂದರು.

ಬಂದರು. ಬೆಳಿಗ್ಗೆಯೇ ಹಲಗೆ ಇಳಿಸಿ, ಹಳಿಯನ್ನು ಮೂರು ಸಲ ಒರೆಸಿದ್ದೆ. ಕುಂಕುಮ ಹಲಗೆಯ ಕಾಲಿಗಿತ್ತು. ಹನ್ನೊಂದಕ್ಕೆ ಹಲಗೆ ತಟ್ಟಿದೆ. "ರೈಟ್!" ಅಂದೆ, ಕರೆಂಟು ಬಿಡುವ ತಿರುಪು ತಿರುಗಿಸಿದೆ. ರೈಲು ಸೊಕ್ಕೆ ಬಿಟ್ಟಿತು, ಜಗಳೂರಿನಲ್ಲಿ, ಚನ್ನಗಿರಿಯಲ್ಲಿ ನಿಂತು ಹೊರಟಿತು, ಬಸವಾಪಟ್ಟಣಕ್ಕೆ ಬಂತು. ಸೇತುವೆ ಹತ್ತಿರವಾದ ಹಾಗೆ ನಾನು ಕಣ್ಣು ಮುಚ್ಚಿ ಶಿವ ಶಿವ ಅನ್ನುತ್ತಿದ್ದೆ. ಆಗ ಗಾಲಿಯ ಸದ್ದು ಬದಲಾಯಿತು. ಢಣಢಣ.

ಮುಂದಿನ ವಾರ ಟೆಂಪೋ ಬರುತ್ತದೆ. ಹಳಿ ಒರೆಸುವುದನ್ನು ಕಲಿಸಲು ನಾನೂ ಜೊತೆಗೆ ಹೋಗುತ್ತೇನೆ. ರೈಲು ಆವತ್ತು ನ್ಯಾಮತಿ ಸೇರಿದ್ದು ಹನ್ನೊಂದೂ ಆರಕ್ಕೆ. ಎರಡು ನಿಮಿಷ ತಡ. ಭಾವನವರಿದ್ದಿದ್ದರೆ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ.